ಓದುಗರ ಪ್ರಶ್ನೆ: ಕಾಂಟನೂ ಕೊಳೆರೋಗವೂ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಕುವೆಂಪು ಅವರ ಮಳೆಯ ವರ್ಣನೆ ಓದುವಾಗಲೆಲ್ಲ ನನಗೆ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆಸುವ ಕೊಳೆರೋಗವೇ ನೆನಪಾಗುತ್ತದೆ. ಕಾವ್ಯವನ್ನು ಕಾವ್ಯವಾಗಿ ನೋಡಬೇಕು, ಇದು ಸಹೃದಯರ ಲಕ್ಷಣವಲ್ಲ ಎಂದು ಎಂ.ಎ. ಓದುತ್ತಿರುವ ಮಗಳು ಗದರಿಸುತ್ತಾಳೆ. ಈ ನಿಯಮ ಮಾಡಿದವರು ಯಾರು?

ಉತ್ತರ: ಮಗಳ ಮಾತಿನ ಹಿಂದಿರುವವನು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯಲ್ ಕಾಂಟ್, ರಾಯರೇ. 1790ರಲ್ಲಿ ಬಂದ ಅವನ ಗ್ರಂಥದಲ್ಲಿ ಒಂದು ಅರಮನೆಯ ಉದಾಹರಣೆ ಇದೆ. ಅದು ಸುಂದರವಾಗಿದೆಯೇ ಎಂದು ಯಾರೋ ಕೇಳುತ್ತಾರೆ. ಜನರ ಬೆವರಿನಲ್ಲಿ ದೊಡ್ಡವರು ಮೆರೆಯುತ್ತಾರೆ ಎಂದು ನೀವು ಬೈಯಬಹುದು. ಪ್ಯಾರಿಸ್ಸಿನಲ್ಲಿ ತನಗೆ ಹಿಡಿಸಿದ್ದು ಅಡುಗೆಯಂಗಡಿಗಳು ಮಾತ್ರ ಎಂದ, ಉತ್ತರ ಅಮೆರಿಕದ ಮೂಲನಿವಾಸಿ ಇರೋಕ್ವಾ ಜನರ ಮುಖಂಡನ ಹಾಗೆಯೂ ಉತ್ತರಿಸಬಹುದು. ಅದೆಲ್ಲ ಒಪ್ಪತಕ್ಕದ್ದೇ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎನ್ನುತ್ತಾನೆ ಕಾಂಟ್. ಲಾಭನಷ್ಟದ ಲೆಕ್ಕ ಬದಿಗಿಟ್ಟು ನೋಡಿದಾಗಲಷ್ಟೇ ಅದು ಸೌಂದರ್ಯದ ತೀರ್ಪು.

ನಮ್ಮವರಿಗೂ ಇದು ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ, ಅಂದರೆ ಕಾವ್ಯ ನಾಟಕಗಳನ್ನು ಸವಿಯುವುದಕ್ಕೆ, ಏಳು ವಿಘ್ನಗಳನ್ನು ಹೇಳಿದ. ನೋಡುವವನು ತನ್ನ ಸುಖದುಃಖದಲ್ಲೇ ಮುಳುಗಿರುವುದು ಅವುಗಳಲ್ಲೊಂದು. ಅದನ್ನು ಕಳೆಯಲೆಂದೇ ರಂಗದ ಮೇಲೆ ಹಾಡು, ವಾದ್ಯ. ಚೆಂಡೆಯ ಪೆಟ್ಟಿಗೆ ಸೊಸೈಟಿಯ ಸಾಲ ಮರೆತುಹೋಗುವುದು ನಿಮಗೂ ಗೊತ್ತಿರುತ್ತದೆ.

ತತ್ತ್ವಶಾಸ್ತ್ರದ ಈ ಮಾತು ವಿಮರ್ಶೆಯ ತರಗತಿಗೆ ಬಂದ ದಾರಿ ಮಾತ್ರ ನೇರವಾಗಿಲ್ಲ. ಕಾಂಟ್ ಮೊದಲಾದವರ ಜರ್ಮನ್ ಚಿಂತನೆಯನ್ನು ಕವಿ ಕೋಲರಿಜ್ ಇಂಗ್ಲಿಷ್ ವಿಮರ್ಶೆಗೆ ತಂದ. ಕೇಂಬ್ರಿಜ್‌ನ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರಿಲ್ಲದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರ ಅಭಿಪ್ರಾಯಗಳನ್ನು 1929ರಲ್ಲಿ ಪುಸ್ತಕ ಮಾಡಿದ. ಓದುವವರ ಖಾಸಗಿ ನೆನಪು ನಡುವೆ ನುಗ್ಗುವುದು ಅವನ ಪ್ರಕಾರವೂ ಒಂದು ತೊಡಕು. ಆದರೆ ಸೌಂದರ್ಯಾನುಭವವೆಂಬ ಪ್ರತ್ಯೇಕ ಸ್ಥಿತಿಯೇ ಒಂದು ಭ್ರಮೆ, ಪದ್ಯ ಓದುವಾಗಿನ ಮನಸ್ಸು ಬೆಳಗ್ಗೆ ಬಟ್ಟೆ ತೊಡುವಾಗಿನ ಮನಸ್ಸಿಗಿಂತ ತೀರ ಬೇರೆಯದಲ್ಲ ಎಂದು ಕಾಂಟನ ಪರಂಪರೆಯನ್ನೇ ಅಲ್ಲಗಳೆದವನೂ ಅವನೇ. ಇದನ್ನು ನಿಮ್ಮ ಮಗಳಿಗೆ ಹೇಳಿ.

ಶಿವಮೊಗ್ಗದಲ್ಲಿ ಪಾಠ ಮಾಡುತ್ತಿದ್ದಾಗ ನಾನೂ ಹಾಗೆ ಹಾಳೆ ಹಂಚಿದ್ದೆ. ಬೇಂದ್ರೆಯವರ ಪದ್ಯದ ಕೆಳಗೆ ಒಬ್ಬ ಹುಡುಗ, ‘ಕವಿ ಇನ್ನೂ ಪಳಗಬೇಕು’ ಎಂದು ಬರೆದುಕೊಟ್ಟ. ಹೆಸರು ತಿಳಿದ ಮೇಲೆ ಹಾಳೆ ವಾಪಸು ಕೇಳಿದ!

1979ರಲ್ಲಿ, ಸಾಹಿತ್ಯ ಶೋಷಿತರ ದನಿಯಾಗಬೇಕೆಂದ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ಪ್ರಶ್ನೆಯೇ ತಿರುಗಿತು. ಲೆಕ್ಕ ಬದಿಗಿಡಲು ಯಾರಿಗೆ ಸಾಧ್ಯ, ಅರಮನೆಗೆ ಕಲ್ಲು ಹೊತ್ತವನಿಗೂ ಸಾಧ್ಯವೇ ಎಂದು ಕೇಳುವುದನ್ನು ನಮ್ಮ ವಿಮರ್ಶೆ ಕಲಿತದ್ದು ಆಗ.

ಇನ್ನು ನಿಮ್ಮ ಕೊಳೆರೋಗ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮಳೆ ದೂರದಿಂದ ನೋಡುವ ನೋಟವಲ್ಲ. ಜನ ಅದರಲ್ಲಿ ನೆನೆಯುತ್ತಾರೆ, ದುಡಿಯುತ್ತಾರೆ. ಮಳೆಗೆ ಹೆದರಿ ಗೊತ್ತಿರುವ ನಿಮಗೆ ಅಲ್ಲಿ ಕಾಣುವುದು ಬೆಂಗಳೂರಿನ ಓದುಗನಿಗೆ ಕಾಣಲಿಕ್ಕಿಲ್ಲ. ಆದರೆ ತುಂಬಿದ ತುಂಗೆಯಲ್ಲಿ ಗುತ್ತಿಯ ‘ಹುಲಿಯ’ ಎಂಬ ನಾಯಿ ಕೊಚ್ಚಿಹೋಗುವ ಪುಟದಲ್ಲೂ ನೀವು ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತದ ರೇಟು ಯೋಚಿಸುತ್ತಿದ್ದರೆ, ಮಗಳ ಪರವಾಗಿ ನಾನೂ ಗದರಿಸುತ್ತೇನೆ.

ಪ್ರಶ್ನೆ: ವಿಮರ್ಶೆ ಕಲಿಯಲು ಕಾಂಟ್, ಹೆಗೆಲ್‌ರಂಥ ಜರ್ಮನ್ ತತ್ತ್ವಜ್ಞಾನಿಗಳಿಂದಲೇ ಆರಂಭಿಸಬೇಕೇ? (ಸಾಗರದ ವಿದ್ಯಾರ್ಥಿನಿ)

ಉತ್ತರ: ಬೇಡಮ್ಮ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ನಿಧಾನವಾಗಿ ಓದಿ. ಶಿಕಾರಿಪುರ ಸೀಮೆಯವರೇ ಆದ ಜಿ.ಎಸ್. ಶಿವರುದ್ರಪ್ಪನವರ ‘ಸೌಂದರ್ಯ ಸಮೀಕ್ಷೆ’ ಆಮೇಲೆ. ಹೆಗ್ಗೋಡು ನಿಮಗೆ ಹತ್ತಿರ. ಅಲ್ಲಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ನಾಟಕ ನೋಡಿ, ನೋಡಿದ್ದನ್ನು ಅಂದೇ ರಾತ್ರಿ ಒಂದು ಪುಟ ಬರೆಯಿರಿ. ‘ಅದ್ಭುತ’ ಎಂಬ ಪದ ಬಳಸಬೇಡಿ. ಹೆಗೆಲ್‌ಗೆ ಅವಸರವಿಲ್ಲ.