ಹೆಬ್ಬೇವಿನ ಬೀಜ ಬೇವಿನ ಬೀಜವಲ್ಲ

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಎರಡು ಹಳೇ ಬೇವಿನ ಮರಗಳಿವೆ. ಪಕ್ಕದಲ್ಲೇ ಹೆಬ್ಬೇವು ಹಾಕಿದ್ದೇನೆ. ಮಹಾಗನಿ ಸಸಿ ತರಲು ಹೋದಾಗ ನರ್ಸರಿಯವರು ಮೂರೂ ಒಂದೇ ಕುಟುಂಬದ ಮರಗಳು ಅಂದರು. ನಿಜವೇ? ಹಾಗಿದ್ದರೆ ಹೆಬ್ಬೇವಿನ ಬೀಜದಿಂದಲೂ ಬೆಳೆಗೆ ಕಷಾಯ ಮಾಡಬಹುದಾ?
– ಒಬ್ಬ ರೈತರು, ತುಮಕೂರು ಜಿಲ್ಲೆ

ಉತ್ತರ: ನರ್ಸರಿಯವರು ಹೇಳಿದ್ದು ಸರಿ. ಮೂರೂ ಮೀಲಿಯೇಸಿ ಕುಟುಂಬದವು. ಮಲೆನಾಡಿನ ಗಂಧಗರಿಗೆಯೂ ಇದೇ ಬಳಗ. ಅದರ ಕೆಂಪು, ಹಗುರ ಮರದಿಂದ ಸಿತಾರ್ ಮಾಡುತ್ತಾರೆ, ಹೂವಿನಿಂದ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದರು. ಮಹಾಗನಿ ಮಾತ್ರ ಹೊರಗಿನದು. 1795ರಲ್ಲಿ ವೆಸ್ಟ್ ಇಂಡೀಸ್‌ನಿಂದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು.

ಆದರೆ ಕಷಾಯಕ್ಕೆ ಹೆಬ್ಬೇವು ಬೇಡ. ಬೇವಿನ ಬೀಜದಲ್ಲಿ ಅಜಾಡಿರಕ್ಟಿನ್ ಅನ್ನುವ ಅಂಶವಿದೆ. ಅದು ತಾಗಿದ ಎಲೆಯನ್ನು ಹುಳ ತಿನ್ನುವುದಿಲ್ಲ, ತಿಂದರೂ ಪೊರೆ ಬಿಟ್ಟು ಬೆಳೆಯಲಾರದು. ಹೆಬ್ಬೇವೂ ಕಹಿಯೇ, ಆದರೆ ಬೇವಿನ ಬೀಜದ ಅಳತೆ ಅದಕ್ಕೆ ಹೊಂದುವುದಿಲ್ಲ. ಅದನ್ನು ಪ್ಲೈವುಡ್‌ಗೆ ಬೆಳೆಸಿ, ಸಾಕು. ಇನ್ನು ನೇರಳೆ ಹೂ ಬಿಡುವ ಹುಚ್ಚು ಬೇವಿನ ಹಣ್ಣಂತೂ ವಿಷ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಗುರುತು ಸುಲಭ. ಬೇವಿನಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಗರಗಸದಂಚಿನ ಎಲೆಗಳಿರುತ್ತವೆ. ಹೆಬ್ಬೇವಿನಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆಯುತ್ತದೆ.

ಬೇವಿನ ಹಣ್ಣಿನ ತಿರುಳು ತೊಳೆದು ಬೀಜವನ್ನು ನೆರಳಿನಲ್ಲೇ ಒಣಗಿಸಿ. ಬೂಷ್ಟು ಹಿಡಿದದ್ದನ್ನು ಎಸೆದುಬಿಡಿ. ಮೂರು ತಿಂಗಳು ಕಳೆದ ಮೇಲೆ ಬಳಸಿ, ಎಂಟು ತಿಂಗಳು ದಾಟಿಸಬೇಡಿ. ಸಿಪ್ಪೆ ತೆಗೆದ 5 ಕೆಜಿ ಬೀಜ ಕುಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬಟ್ಟೆಯಲ್ಲಿ ಸೋಸಿ, 200 ಗ್ರಾಂ ಸೋಪಿನ ಪುಡಿ ಕಲಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಬೆರೆಸಿ. ಸಂಜೆಯೇ ಸಿಂಪಡಿಸಿ, ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಮಾರನೇ ದಿನ ಹುಳ ಸತ್ತಿಲ್ಲ ಅಂತ ಎಷ್ಟೋ ಜನ ಕೈಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ. ಇದು ಹುಳವನ್ನು ತಕ್ಷಣ ಕೊಲ್ಲುವ ಔಷಧಿಯಲ್ಲ, ನಾಲ್ಕೈದು ದಿನ ಕಾಯಬೇಕು.

ಒಂದು ಮಾತು ಕೇಳದಿದ್ದರೂ ಹೇಳುತ್ತೇನೆ. ಜಂತುಹುಳಕ್ಕೆ ಅಂತ ಕೂಸುಗಳಿಗೆ ಬೇವಿನೆಣ್ಣೆ ಕುಡಿಸಬೇಡಿ, ಜೀವಕ್ಕೇ ಅಪಾಯ.

ಜೂನ್‌ನಲ್ಲಿ ಹಣ್ಣು ಉದುರುವ ಹೊತ್ತಿಗೆ ಆ ಎರಡು ಮರಗಳ ಬುಡಕ್ಕೆ ಹಳೇ ಸೀರೆ ಹಾಸಿಡಿ. ಮಣ್ಣು ತಾಗದ ಬೀಜಕ್ಕೆ ಬೂಷ್ಟು ಕಡಿಮೆ.