ಕೆರೆಯ ಹೂಳಿನಲ್ಲಿ ಹಳೆಯ ಮಳೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತುತ್ತಿದ್ದಾರೆ. ಜೆಸಿಬಿ ದಂಡೆಗೆ ಸುರಿದ ರಾಶಿಯಲ್ಲಿ ಕಪ್ಪು, ಬೂದು, ಕೆಂಪು ಮಣ್ಣು ಬೇರೆ ಬೇರೆಯಾಗಿ ಕಾಣುತ್ತದೆ. ಒಂದಿಷ್ಟು ಚೀಲಕ್ಕೆ ತುಂಬಿ ಪರೀಕ್ಷೆಗೆ ಕೊಟ್ಟರೆ ನೂರಾರು ವರ್ಷಗಳ ಹಿಂದಿನ ಮಳೆ ಗೊತ್ತಾಗುತ್ತದೆಯೇ?
– ಓದುಗರು, ಕಾರ್ಕಳ

ಉತ್ತರ: ಆ ರಾಶಿಯಿಂದ ಗೊತ್ತಾಗದು. ಯಾವುದರ ಮೇಲೆ ಯಾವ ಪದರ ಕೂತಿತ್ತು ಎಂಬುದು ತಪ್ಪಿದರೆ ಕಾಲದ ಲೆಕ್ಕವೇ ತಪ್ಪಿತು. ವರ್ಷಕ್ಕೆ 2 ಮಿ.ಮೀ. ಹೂಳು ಕೂರುವ ಕೆರೆಯಲ್ಲಿ ಬಕೆಟ್ ಅರ್ಧ ಮೀಟರ್ ಆಳಕ್ಕೆ ಹೋದರೆ 250 ವರ್ಷ ಒಂದೇ ಸಲಕ್ಕೆ ಕಲಸಿಹೋಯಿತು. ಕೆಲಸ ಇನ್ನೂ ನಡೆಯುತ್ತಿದ್ದರೆ, ಯಂತ್ರ ಮುಟ್ಟದ ಒಂದು ತುಂಡು ಜಾಗ ಬಿಡಿಸಿಕೊಳ್ಳಿ. ಕಡಿದು ನಿಂತ ಗೋಡೆ ಗಟ್ಟಿಯಿದ್ದು, ಕುಸಿಯುವ ಭಯವಿಲ್ಲದಿದ್ದರೆ ಮಾತ್ರ ಅದರ ಮುಖ ಹೆರೆದು, ಟೇಪು ಹಿಡಿದು ಫೋಟೋ ತೆಗೆದು, ಕೆಳಗಿನಿಂದ ಮೇಲಕ್ಕೆ ಮಾದರಿ ತೆಗೆಯಿರಿ. ಮೇಲಿನಿಂದ ಶುರುಮಾಡಿದರೆ ಉದುರಿದ ಮಣ್ಣು ಕೆಳಗಿನದಕ್ಕೆ ಮೆತ್ತಿಕೊಳ್ಳುತ್ತದೆ.

ಹಿಂದೆ ಯಾವಾಗ ಹೂಳೆತ್ತಿದ್ದರು ಎಂದು ಊರಿನ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ. ದೇವಸ್ಥಾನದ ಪುಷ್ಕರಿಣಿಗಳಂತೂ ಈ ಕೆಲಸಕ್ಕೆ ಬಾರವು. ಮತ್ತೆ ಮತ್ತೆ ಬರಿದುಮಾಡಿ ತೊಳೆದ ಕೆರೆಯಲ್ಲಿ ಉಳಿದಿರುವುದು ಕೊನೆಯ ಸಲ ತೊಳೆದ ಮೇಲಿನದ್ದು ಮಾತ್ರ.

ಪ್ರಶ್ನೆ: ಎರಡು ಮೀಟರ್ ನೀರಿರುವ ಕೆರೆಯಿಂದ ಒಂದು ಮೀಟರ್ ಹೂಳನ್ನು ಪದರ ಕೆಡದಂತೆ ತೆಗೆಯಬೇಕು. ದುಬಾರಿ ಕೋರರ್ (ಹೂಳನ್ನು ಕಂಬದಂತೆ ಇಡಿಯಾಗಿ ಎತ್ತುವ ಉಪಕರಣ) ಕೈಗೆ ಎಟಕುವಂತಿಲ್ಲ.
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಪಿವಿಸಿ ಪೈಪು ಸಾಕು. 75 ಮಿ.ಮೀ.ಯದ್ದು, ಉದ್ದ 4 ಮೀಟರ್. ಕೆಳತುದಿಯ ಅಂಚನ್ನು ಹೊರಮೈಯಿಂದ ಅರದಲ್ಲಿ ತೀಡಿ ಚೂಪು ಮಾಡಿ. ಎರಡು ದೋಣಿ ಜೋಡಿಸಿ ನಡುವೆ ಹಲಗೆ ಕಟ್ಟಿ, ನಾಲ್ಕೂ ಮೂಲೆಗೆ ಲಂಗರು ಹಾಕಿ. ತೆಪ್ಪ ಅಲುಗಿದರೆ ಪೈಪು ಓರೆಯಾಗುತ್ತದೆ. ಜಾಗ ಆಳವಿರಲಿ, ತೋಡು ಬಂದು ಸೇರುವ ಬಾಯಿಯಿಂದ ದೂರವಿರಲಿ. ಅಲ್ಲಿ ಒಂದೇ ಆಷಾಢದ ನೆರೆ ಗೇಣುದ್ದ ಮರಳು ತಂದು ಹಾಕಬಹುದು. ದಂಡೆಯ ಬದಿಯೂ ಬೇಡ, ಬೇಸಗೆಯಲ್ಲಿ ಒಣಗಿ ಬಿರುಕು ಬಿಟ್ಟು ಮೇಲಿನ ಮಣ್ಣು ಬಿರುಕಿಗೆ ಇಳಿದಿರುತ್ತದೆ.

ಪೈಪನ್ನು ನೆಟ್ಟಗೆ, ನಿಧಾನವಾಗಿ ಒತ್ತಿ. ಎತ್ತುವ ಮೊದಲು ಪೈಪಿನ ಮೇಲ್ತುದಿಯಿಂದ ಒಳಗಿನ ಕೆಸರಿನ ಮಟ್ಟವನ್ನೂ ಹೊರಗಿನದನ್ನೂ ಅಳೆದು ಬರೆದಿಡಿ. ಪೈಪು 100 ಸೆಂ.ಮೀ. ಇಳಿದು ಒಳಗೆ 80 ಮಾತ್ರ ಇದ್ದರೆ 20 ಸೆಂ.ಮೀ. ಅದುಮಿದೆ ಅಥವಾ ಬದಿಗೆ ಸರಿದಿದೆ. ಎತ್ತಿದ ಮೇಲೆ ಈ ಲೆಕ್ಕ ಸಿಗುವುದಿಲ್ಲ. ಆಮೇಲೆ ಪೈಪಿನ ಬಾಯಿತನಕ ನೀರು ತುಂಬಿ, ಗಾಳಿಯಾಡದಂತೆ ರಬ್ಬರ್ ಬಿರಡೆ ಬಿಗಿದು ಎತ್ತಿ. ಒಳಗೆ ಗಾಳಿ ಉಳಿದರೆ ಅದು ಹಿಗ್ಗಿ ಕೆಸರು ಕೆಳಗೆ ಜಾರುತ್ತದೆ. ಹೆಚ್ಚಿನ ಕೋರ್‌ಗಳು (ಹೀಗೆ ಎತ್ತಿದ ಹೂಳಿನ ಕಂಬಗಳು) ಕೈತಪ್ಪುವುದು ಇಲ್ಲಿಯೇ. ಕೆಳತುದಿ ನೀರಿನಿಂದ ಹೊರಬರುವ ಮೊದಲೇ ಅದಕ್ಕೆ ಕ್ಯಾಪ್ ಹಾಕಿಬಿಡಿ. ಕೆಸರಿನ ಮಟ್ಟದಿಂದ ಸ್ವಲ್ಪ ಮೇಲೆ ಸಣ್ಣ ತೂತು ಕೊರೆದು ನೀರು ಬಸಿದು, ಉಳಿದ ಪೈಪು ಕತ್ತರಿಸಿ, ಖಾಲಿ ಜಾಗಕ್ಕೆ ಸ್ಪಂಜು ತುರುಕಿ. ಸಾಗಿಸುವಾಗ ನಿಲ್ಲಿಸಿಯೇ ಇರಲಿ. ಇಡುವುದು 4 ಡಿಗ್ರಿಯ ಫ್ರಿಜ್ಜಿನಲ್ಲಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದ ನೀರು ಪದರ ಸೀಳುತ್ತದೆ.

ಸೀಳುವಾಗ ಗರಗಸ ಪೈಪನ್ನಷ್ಟೇ ಕೊಯ್ಯಲಿ. ಕೆಸರಿಗೆ ಗಾಳದ ನೈಲಾನ್ ದಾರ ಸಾಕು. 1 ಸೆಂ.ಮೀ. ಹೋಳು ಮಾಡಿ, ಪೈಪಿಗೆ ತಾಗಿದ್ದ 2–3 ಮಿ.ಮೀ. ಅಂಚು ಬಿಸಾಡಿ. ಚಾಕು ಪ್ಲಾಸ್ಟಿಕ್‌ನದಿರಲಿ, ಕಬ್ಬಿಣದ ಒಂದು ಚೂರು ಸೇರಿದರೂ ಕಾಂತೀಯ ಅಳತೆ (ಮುಂದಿನ ಪ್ರಶ್ನೆ ನೋಡಿ) ಕೆಟ್ಟಿತು. ಅದೇ ಅಳತೆಗಾಗಿ ಒಣಗಿಸುವುದು 40 ಡಿಗ್ರಿ ಮೀರದಂತೆ.

ವಯಸ್ಸಿಗೆ ಎರಡು ಗಡಿಯಾರ ಬೇಕು. ಮೇಲಿನ ಭಾಗಕ್ಕೆ ಸೀಸ-210 ಎಂಬ ವಿಕಿರಣಶೀಲ ಸೀಸ: ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಬೇಕಾದ ಕಾಲ) ಸುಮಾರು 22 ವರ್ಷ, ಹಿಂದಕ್ಕೆ 100–150 ವರ್ಷ ಹೋಗುತ್ತದೆ. ಅದರ ಕೆಳಗೆ ಕಾರ್ಬನ್-14. ಎಲೆ, ಬೀಜ ಸಿಕ್ಕರೆ ಅದನ್ನೇ ಕೊಡಿ. ಬರೀ ಕೆಸರು ಕೊಟ್ಟರೆ ಗುಡ್ಡದಿಂದ ತೊಳೆದು ಬಂದ ಹಳೆಯ ಮಣ್ಣಿನ ಇಂಗಾಲ ಸೇರಿ ವಯಸ್ಸು ಹೆಚ್ಚು ಬರುತ್ತದೆ. ಬೇರು ಕೊಟ್ಟರೆ ಕಡಿಮೆ, ಏಕೆಂದರೆ ಅದು ಮೇಲಿನ ಕಾಲದ ಗಿಡದ್ದು.

ಪ್ರಶ್ನೆ: ಹೂಳಿನ ಕಾಂತೀಯ ಗ್ರಾಹ್ಯತೆ (ಕಾಂತಕ್ಷೇತ್ರದಲ್ಲಿಟ್ಟಾಗ ಅದು ಎಷ್ಟು ಕಾಂತತ್ವ ಪಡೆಯುತ್ತದೆ ಎಂಬ ಅಳತೆ) ಹೆಚ್ಚಿದ್ದರೆ ಆಗ ಮಳೆ ಜೋರಿತ್ತು ಎಂದು ಓದಿದೆ. ನಮ್ಮ ಮುರಕಲ್ಲಿನ ಸೀಮೆಯಲ್ಲಿ ಇದು ನಡೆಯುತ್ತದೆಯೇ?
– ಉಪನ್ಯಾಸಕರು, ಉಡುಪಿ

ಉತ್ತರ: ಚಿತ್ರದುರ್ಗದ ತಿಮ್ಮಣ್ಣನಾಯಕನಕೆರೆಯಲ್ಲಿ ನಡೆದಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿನ ಹೂಳಿನಿಂದ ಸುಮಾರು 3,700 ವರ್ಷಗಳ ಮುಂಗಾರಿನ ಏರಿಳಿತ ಓದಿದ್ದಾರೆ. ಮಳೆ ಹೆಚ್ಚಾದಾಗ ಮೇಲ್ಮಣ್ಣಿನಲ್ಲಿ ಹುಟ್ಟಿದ ಅತಿ ಸೂಕ್ಷ್ಮ ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಖನಿಜ) ಕೊಚ್ಚಿ ಕೆರೆ ಸೇರುತ್ತದೆ. ಅದು ಮೇಲ್ಮಣ್ಣಿನದೇ ಎಂದು ತಿಳಿಯಲು 0.47 ಮತ್ತು 4.7 ಕಿಲೋಹರ್ಟ್ಸ್‌ನಲ್ಲಿ ಎರಡು ಸಲ ಅಳೆಯುತ್ತಾರೆ, ವ್ಯತ್ಯಾಸ ಶೇ. 2 ದಾಟಿದರೆ ಅಂಥ ಕಣಗಳಿವೆ ಎಂದರ್ಥ.

ಕರಾವಳಿಯಲ್ಲಿ ಎರಡು ತೊಡಕು. ಒಂದು, ಎಲೆ ಕೊಳೆತು ಕಪ್ಪಾದ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಮ್ಯಾಗ್ನೆಟೈಟ್ ಕರಗಿಹೋಗುತ್ತದೆ. ಆಗ ಭಾರೀ ಮಳೆಯ ಕಾಲವೂ ಬರಗಾಲದಂತೆ ಕಾಣುತ್ತದೆ. ಜೊತೆಗೆ ಟೈಟಾನಿಯಂ ಅಳೆಯಿರಿ. ಅದು ಹಾಗೆ ಕರಗುವುದಿಲ್ಲ. ಕಾಂತೀಯ ಅಳತೆ ಇಳಿದು ಟೈಟಾನಿಯಂ ಇಳಿಯದಿದ್ದರೆ ಮಳೆಯ ಮಾತು ಬಿಡಿ. ಉಪ್ಪುನೀರು ಹತ್ತುವ ಕಡೆ ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಕೆಸರಿನಲ್ಲೇ ಗ್ರೈಗೈಟ್ ಎಂಬ ಕಾಂತೀಯ ಸಲ್ಫೈಡ್ ಹುಟ್ಟಿ ಅಳತೆ ಏರುತ್ತದೆ.

ಎರಡನೆಯದು ಸೈಟ್ ಲೆವೆಲಿಂಗ್. ಗುಡ್ಡ ಅಗೆದ ಕೆಂಪು ಮಣ್ಣು ಮೊದಲ ಮಳೆಗೇ ಕೆರೆಗಿಳಿದರೆ, ಅಳತೆಯ ಹಾಳೆಯಲ್ಲಿ ಅದು ಜಡಿಮಳೆಯ ವರ್ಷದಂತೆಯೇ ಕಾಣುತ್ತದೆ. ಇವೆರಡನ್ನೂ ಬೇರ್ಪಡಿಸಲು ಸೀಸ-210 ನೆರವಾಗುತ್ತದೆ. ಆಕಾಶದಿಂದ ಬೀಳುವ ಸೀಸ ಮೇಲ್ಮಣ್ಣಿನಲ್ಲಿ ಮಾತ್ರ ಕೂತಿರುತ್ತದೆ, ಆಳದಿಂದ ಅಗೆದ ಮಣ್ಣಿನಲ್ಲಿ ಇರುವುದಿಲ್ಲ. ಹಾಗಾಗಿ ಕೆಂಪು ಪದರದಲ್ಲಿ ಆ ಸೀಸ ತಟ್ಟನೆ ತೆಳುವಾದರೆ ಮಳೆಗಿಂತ ಜೆಸಿಬಿಯನ್ನೇ ಅನುಮಾನಿಸಿ. ನಗರದ ಕೆರೆಗಳಲ್ಲಿ ಕೊನೆಯ ಕೆಲವು ದಶಕಗಳ ಪದರವನ್ನು ಮಳೆಗೆ ಓದದಿರುವುದೇ ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹೂಳನ್ನು 550 ಡಿಗ್ರಿಯಲ್ಲಿ ಸುಟ್ಟಾಗ ತೂಕ ಶೇ. 18 ಕಡಿಮೆಯಾಯಿತು. ಮಣ್ಣು ಮಾತ್ರ ತಿಳಿ ಕಂದು. ಅಷ್ಟೊಂದು ಸಾವಯವ ಇರಲು ಸಾಧ್ಯವೇ?
– ಓದುಗರು, ಮೂಡುಬಿದಿರೆ

ಉತ್ತರ: ಇರಲಿಕ್ಕಿಲ್ಲ. ಸುಟ್ಟಾಗ ಇಳಿದ ತೂಕವೆಲ್ಲ ಸಾವಯವದ್ದಲ್ಲ. ಮುರಮಣ್ಣಿನ ಗಿಬ್‌ಸೈಟ್, ಗೋಯಥೈಟ್, ಕೆಯೋಲಿನೈಟ್ ಖನಿಜಗಳು ತಮ್ಮೊಳಗಿನ ನೀರನ್ನು 550ರ ಒಳಗೇ ಬಿಡುತ್ತವೆ. ಮೊದಲೆರಡು 300ರ ಆಸುಪಾಸಿನಲ್ಲೇ. 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದರೂ ಈ ನೀರು ಹೋಗದು. ಇಲ್ಲಿನ ಹೂಳಿಗೆ ಇಂಗಾಲವನ್ನು ನೇರವಾಗಿ ಅಳೆಯುವ ಯಂತ್ರದ ಫಲಿತಾಂಶವನ್ನೇ ನಂಬಿ.

ಪ್ರಶ್ನೆ: ಇಷ್ಟೆಲ್ಲ ಮಾಡಿ, ಇಂಥ ವರ್ಷ ಇಷ್ಟು ಮಿ.ಮೀ. ಮಳೆ ಎಂದು ಹೇಳಬಹುದೇ?
– ಕೃಷಿಕರು, ಬ್ರಹ್ಮಾವರ

ಉತ್ತರ: ಬಹುತೇಕ ಇಲ್ಲ. ವರ್ಷಕ್ಕೆ 2 ಮಿ.ಮೀ. ಹೂಳಾದರೆ 1 ಸೆಂ.ಮೀ. ಹೋಳಿನಲ್ಲೇ ಐದು ವರ್ಷ ಸೇರಿರುತ್ತದೆ. ಸಿಗುವುದು ಹೆಚ್ಚು, ಕಡಿಮೆ ಎಂಬ ಹೋಲಿಕೆ. ರಾಜಸ್ಥಾನದ ಲೂಣ್‌ಕರಣ್‌ಸರ್ ಕೆರೆ ಸುಮಾರು 5,500 ವರ್ಷಗಳ ಹಿಂದೆ ಬತ್ತಿತ್ತು. ಒಣನಾಡಿನಲ್ಲಿ ಮಳೆ ತಪ್ಪಿದರೆ ಹೂಳಿನಲ್ಲಿ ಅದು ಎದ್ದು ಕಾಣುತ್ತದೆ. ಮೂರು ಸಾವಿರ ಮಿ.ಮೀ. ಮೀರಿ ಸುರಿಯುವ ನಮ್ಮಲ್ಲಿ ಸಾವಿರ ಕಡಿಮೆಯಾದರೂ ಕಾಡು ಕಾಡೇ, ಗದ್ದೆ ಗದ್ದೆಯೇ. ಹೂಳಿಗೆ ಬಂದ ಗಿಡ ಯಾವ ಬಗೆಯದೆಂದು ಹೇಳುವ ಇಂಗಾಲದ ಸಮಸ್ಥಾನಿಕ ಮೌಲ್ಯ (ಭಾರದ ಮತ್ತು ಹಗುರದ ಇಂಗಾಲದ ಅನುಪಾತ, ಸಾವಿರಕ್ಕೆ ಇಷ್ಟು ಎಂದು) ಮರಕ್ಕೂ ಭತ್ತಕ್ಕೂ ಮೈನಸ್ 27ರ ಸುತ್ತಲೇ. ಅದು ಮೈನಸ್ 13ರ ಕಡೆ ವಾಲಿದರೆ ಒಣಹವೆಯ ಹುಲ್ಲುಗಾವಲು ಎನ್ನುವ ಮೊದಲು ಸುತ್ತ ಕಬ್ಬಿನ ಗದ್ದೆ ಇತ್ತೇ ಎಂದು ವಿಚಾರಿಸಿ, ಕಬ್ಬಿನದೂ ಅದೇ ಮೌಲ್ಯ.