ಲಘು ಪೋಷಕಾಂಶ ಸ್ಪ್ರೇ ಮಾಡಿದ್ರೆ ಟೊಮೆಟೊ ಗಟ್ಟಿಯಾಗುತ್ತಾ, ಸಿಹಿಯಾಗುತ್ತಾ?

ಕಾಯಿ ಬಣ್ಣ ತಿರುಗುವಾಗ ಬೋರಾನ್, ಜಿಂಕ್‌ನಂಥ ಲಘು ಪೋಷಕಾಂಶ (ಗಿಡಕ್ಕೆ ತೀರಾ ಸ್ವಲ್ಪವೇ ಸಾಕಾಗುವ ಪೋಷಕಾಂಶ) ಇರುವ ಮಿಶ್ರಣ ಹೊಡೆದರೆ ಸಿಪ್ಪೆ ಗಟ್ಟಿಯಾಗಿ ಸಿಹಿಯೂ ಏರುತ್ತೆ ಅಂತ ಔಷಧಿ ಅಂಗಡಿಯವರು ಹೇಳಿದ್ದು ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ. ಹೊಡೆಯೋಕೆ ಹೇಳಿದ ಹೊತ್ತು ಮಾತ್ರ ಪೂರ್ತಿ ತಪ್ಪು. ನಾನು ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವವನು, ಓದಿದ್ದೂ ಕೃಷಿಯೇ.

ಗಿಡದ ಜೀವಕೋಶದ ಗೋಡೆ ಬಹುಪಾಲು ಸಕ್ಕರೆಯಿಂದಲೇ ಕಟ್ಟಿದ್ದು. ಸೆಲ್ಯುಲೋಸ್ ಅಂದ್ರೆ ಗ್ಲೂಕೋಸಿನ ಸರಪಳಿ. ಜೀವಕೋಶಗಳನ್ನು ಅಂಟಿನ ಹಾಗೆ ಹಿಡಿದಿಡುವ ಪೆಕ್ಟಿನ್ನೂ ಸಕ್ಕರೆಯಿಂದ ಹುಟ್ಟಿದ್ದೇ. ಬೋರಾನ್ ಎರಡು ಪೆಕ್ಟಿನ್ ಎಳೆಗಳನ್ನು ಅಂಗಿಗೆ ಗುಂಡಿ ಹಾಕಿದ ಹಾಗೆ ಸೇರಿಸಿ ಹಿಡಿಯುತ್ತೆ. ಕ್ಯಾಲ್ಸಿಯಂ ಕೂಡ ಪೆಕ್ಟಿನ್ ಎಳೆಗಳನ್ನು ಬೆಸೆಯುತ್ತೆ. ಅದು ಲಘು ಪೋಷಕಾಂಶ ಅಲ್ಲ, ಆದರೂ ಗಟ್ಟಿತನದ ಮಾತು ಬಂದಾಗ ಬಿಡೋ ಹಾಗಿಲ್ಲ. ಈ ಗೋಡೆ ಕಟ್ಟುವ ಕೆಲಸ ಜೋರಾಗಿ ನಡೆಯೋದು ಕುಡಿ, ಹೂವು, ಎಳೆಗಾಯಿಯಲ್ಲಿ. ಕೆಂಪಾಗುವ ಹೊತ್ತಿಗೆ ಹಣ್ಣು ತನ್ನದೇ ಕಿಣ್ವಗಳಿಂದ ಪೆಕ್ಟಿನ್ ಕರಗಿಸಲು ಶುರು ಮಾಡಿರುತ್ತೆ. ಆಗ ಬೋರಾನ್ ಸುರಿದು ಏನು ಬಂತು?

ಇನ್ನೊಂದು ತೊಡಕು: ಟೊಮೆಟೊದ ಹಳೆ ಎಲೆ ಮೇಲೆ ಬಿದ್ದ ಬೋರಾನ್, ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಹೋಗೋದು ತೀರಾ ಕಡಿಮೆ. ಸೇಬಿನಲ್ಲಿ ಬೋರಾನ್ ಸಾರ್ಬಿಟಾಲ್ ಅನ್ನೋ ಸಕ್ಕರೆಯಂಥ ವಸ್ತು ಜೊತೆ ಸೇರಿ ಗಿಡವೆಲ್ಲಾ ಓಡಾಡುತ್ತೆ. ನಮ್ಮ ಟೊಮೆಟೊಗೆ ಆ ಭಾಗ್ಯ ಇಲ್ಲ. ಹಾಗಾಗಿ ಕುಡಿ, ಹೂಗೊಂಚಲು ನೆನೆಯುವಂತೆ ಹೊಡೀಬೇಕು.

ಸಿಹಿ ಅಂತೂ ಸ್ಪ್ರೇ ಟ್ಯಾಂಕಿನಿಂದ ಬರಲ್ಲ, ಎಲೆಯಿಂದ ಬರುತ್ತೆ. ಹಸಿರು ಕಟ್ಟಲು ಕಬ್ಬಿಣ, ಬೆಳಕಿನಲ್ಲಿ ನೀರು ಒಡೆಯಲು ಮ್ಯಾಂಗನೀಸ್, ಹಲವು ಕಿಣ್ವಗಳಿಗೆ ಜಿಂಕ್ ಬೇಕು. ಇವುಗಳ ಕೊರತೆ ಇದ್ದರೆ ಸಕ್ಕರೆ ತಯಾರಿ ಕುಸಿಯುತ್ತೆ, ಕೊಟ್ಟರೆ ಚೇತರಿಸುತ್ತೆ. ಬೋರಾನ್ ಕೊರತೆಯಾದರೆ ಕುಡಿ ಬೆಳವಣಿಗೆ ನಿಂತು ಸಕ್ಕರೆ, ಪಿಷ್ಟ ಎಲೆಯಲ್ಲೇ ಉಳಿಯುತ್ತವೆ. ಕೊರತೆಯೇ ಇಲ್ಲದ ತೋಟದಲ್ಲಿ ಹೊಡೆದು, ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಹಿಡಿದು ಕೂತರೆ ಪ್ರಯೋಜನ ಇಲ್ಲ. ಅಲ್ಲಿ ಪೊಟ್ಯಾಶ್, ಕೊಯ್ಲಿಗೆ ಮುಂಚೆ ನೀರಿನ ಹಿಡಿತ ಹೆಚ್ಚು ಕೆಲಸ ಮಾಡುತ್ತವೆ. ಅಷ್ಟಕ್ಕೂ ಕೋಲಾರದ ಮಂಡಿಯಲ್ಲಿ ರುಚಿ ನೋಡಿ ಬಾಕ್ಸಿಗೆ ರೇಟು ಕೂಗಿದವರನ್ನು ನಾನಂತೂ ಕಂಡಿಲ್ಲ! ಸಿಹಿ ಲೆಕ್ಕ ಹಾಕಬೇಕಾದವರು ಚಿಕ್ಕಬಳ್ಳಾಪುರದ ದ್ರಾಕ್ಷಿಯವರು.

ಮೊದಲು ಮೇಲಿನ ಎಲೆಯ ತೊಟ್ಟು ಬಗ್ಗಿಸಿ ನೋಡಿ. ಪಟ್ಟನೆ ಮುರಿದು, ಸುಳಿಯೂ ಮುರುಟಿದ್ದರೆ ಬೋರಾನ್ ಮೇಲೆ ಅನುಮಾನ ಪಡಬಹುದು. ಕಾಯಿ ತುದಿ ಕಪ್ಪಾಗಿದ್ದರೆ ಅದು ಕ್ಯಾಲ್ಸಿಯಂ ಸಮಸ್ಯೆ. ನೀರು ಏರುಪೇರಾದರೂ ಕ್ಯಾಲ್ಸಿಯಂ ಕಾಯಿಗೆ ಸರಿಯಾಗಿ ತಲುಪಲ್ಲ, ಹಾಗಾಗಿ ಡ್ರಿಪ್ ನೀರು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗ್ತಿದೆಯಾ ನೋಡಿ.

ಹೊಡೆಯೋಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಲಘು ಪೋಷಕಾಂಶ ಮಿಶ್ರಣ ಅರ್ಕಾ ವೆಜಿಟೆಬಲ್ ಸ್ಪೆಷಲ್ ಸಾಕು: 15 ಲೀಟರ್ ನೀರಿಗೆ 75 ಗ್ರಾಂ, ಎರಡು ನಿಂಬೆಹಣ್ಣಿನ ರಸ, ಒಂದು ಶಾಂಪೂ ಪ್ಯಾಕೆಟ್. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಕ್ಷಾರ ತಗ್ಗಿಸಲು ನಿಂಬೆ, ದ್ರಾವಣ ಎಲೆಗೆ ಹರಡಿ ಹಿಡಿಯಲು ಶಾಂಪೂ. ಹೂ ಬರುವ ಹೊತ್ತಿಗೆ ಶುರು ಮಾಡಿ, ತಂಪು ಹೊತ್ತಲ್ಲಿ ಹೊಡೀರಿ. ಅದರ ಮೇಲೆ ಇನ್ನೊಂದಿಷ್ಟು ಬೋರಾನ್ ಇರಲಿ ಅಂತ ಸೇರಿಸಬೇಡಿ. ಸ್ವಲ್ಪ ಜಾಸ್ತಿಯಾದರೂ ಎಲೆ ಅಂಚು ಸುಡುತ್ತೆ. ಕ್ಯಾಲ್ಸಿಯಂ ನೈಟ್ರೇಟನ್ನೂ ಅದೇ ಟ್ಯಾಂಕಿಗೆ ಹಾಕಬೇಡಿ. ಮಿಶ್ರಣದಲ್ಲಿರುವ ಸಲ್ಫೇಟ್ ಜೊತೆ ಸೇರಿ ಜಿಪ್ಸಂ ಆಗಿ ತಳ ಕೂರುತ್ತೆ, ನಾಜಲ್ ಕಟ್ಟಿಕೊಳ್ಳುತ್ತೆ. ಕ್ಯಾಲ್ಸಿಯಂ ಅನ್ನು ಬೇರೆ ದಿನ, ಎಳೆಗಾಯಿಗೇ ತಾಗುವಂತೆ ಹೊಡೀರಿ.